ಟಾರ್ಪಾಲು ಹೊದೆಸುವ ಮೊದಲು ಮಾಡು ಕಟ್ಟಿ

ಈ ತಿಂಗಳು ಬಂದ ಪತ್ರಗಳಲ್ಲಿ ದೋಣಿಯ ಪ್ರಶ್ನೆಗಳನ್ನಷ್ಟೇ ಆರಿಸಿಕೊಂಡಿದ್ದೇನೆ. ಅಕ್ಟೋಬರ್ ಬಂದಾಯಿತು. ಸರೋವರ ಹೆಪ್ಪುಗಟ್ಟುವ ಊರುಗಳಲ್ಲಿರುವ ಕನ್ನಡಿಗರು ಈಗ ಕೈಹಚ್ಚದಿದ್ದರೆ ಆಮೇಲೆ ಮರಗಟ್ಟಿದ ಬೆರಳಲ್ಲಿ ಹಗ್ಗ ಬಿಗಿಯಬೇಕಾಗುತ್ತದೆ. ಹೊಸ ಓದುಗರಿಗಾಗಿ ಹೇಳುತ್ತೇನೆ: ನಾನು ಬೆಳೆದದ್ದು ಗಂಗೊಳ್ಳಿಯಲ್ಲಿ, ದೋಣಿ ಕಟ್ಟುವವರ ಮನೆಯಲ್ಲಿ. ಈಗ ಅನ್ನ ಕೊಡುತ್ತಿರುವುದು ಅಮೆರಿಕದ ಮಿನೆಸೋಟಾ ರಾಜ್ಯದಲ್ಲಿ, ಡುಲೂತ್ ಹತ್ತಿರದ ಒಂದು ದೋಣಿ ರಿಪೇರಿ ಅಂಗಳ. ಏಪ್ರಿಲ್ ಕೊನೆಗೆ ಹಿಮ ಕರಗುತ್ತಿದ್ದಂತೆ ನಮ್ಮಲ್ಲಿಗೆ ಬರುವ ದೋಣಿಗಳನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಬೇಸಿಗೆಯಲ್ಲಿ ಬಂಡೆಗೆ ಬಡಿದು ಬಂದವಕ್ಕಿಂತ, ಚಳಿಗಾಲದಲ್ಲಿ ಮನೆಯ ಪಕ್ಕ ನಿಂತಲ್ಲೇ ಹಾಳಾಗಿ ಬಂದವು ಹೆಚ್ಚು. ಅಷ್ಟನ್ನೂ ತಪ್ಪಿಸಬಹುದಿತ್ತು.

ಪ್ರಶ್ನೆ: ಸರ್, ನಾವು ದಾವಣಗೆರೆಯವರು, ಈಗ ಮಿನೆಸೋಟಾದ ಬ್ರೇನರ್ಡ್‌ನಲ್ಲಿದ್ದೇವೆ. ಈ ಬೇಸಿಗೆಯಲ್ಲಿ 16 ಅಡಿಯ ಹಳೆಯ ಅಲ್ಯುಮಿನಿಯಂ ದೋಣಿಯೊಂದನ್ನು ಟ್ರೇಲರ್ ಸಮೇತ ತಗೊಂಡೆವು, ಮೀನು ಹಿಡಿಯಲಿಕ್ಕೆ. 25 ಎಚ್‌ಪಿ ಫೋರ್ ಸ್ಟ್ರೋಕ್ ಇಂಜಿನ್ ಇದೆ. ಗ್ಯಾರೇಜಿನಲ್ಲಿ ಎರಡು ಕಾರು ನಿಂತರೆ ಜಾಗ ಮುಗೀತು, ದೋಣಿ ಹೊರಗೇ ಇರಬೇಕು. ಪಕ್ಕದ ಮನೆಯವರು ಒಂದು ನೀಲಿ ಟಾರ್ಪಾಲು ಹೊದೆಸಿ ಕಟ್ಟಿಬಿಡಿ ಅಂತಾರೆ. ಮಾರಿದವರು ಶ್ರಿಂಕ್ ರ‍್ಯಾಪ್ ಮಾಡಿಸಿ, ಅಂದರೆ ಬಿಸಿಗೆ ಕುಗ್ಗಿ ಬಿಗಿಯಾಗುವ ಪ್ಲಾಸ್ಟಿಕ್ ಹಾಳೆ ಸುತ್ತಿಸಿ ಅಂತಾರೆ. ಯಾರ ಮಾತು ಕೇಳೋದು?

ಉತ್ತರ: ಇಬ್ಬರ ಮಾತೂ ಬೇಡ. ಖರ್ಚು ಮಾಡುವ ದುಡ್ಡನ್ನೂ ಒಂದು ಶನಿವಾರವನ್ನೂ ಟಾರ್ಪಾಲಿನ ಕೆಳಗಿನ ಹಂದರಕ್ಕೆ ಹಾಕಿ. ಹಂದರ ಸರಿಯಿದ್ದರೆ ಸಾಧಾರಣ ಟಾರ್ಪಾಲೂ ಕಾಯುತ್ತದೆ. ಹಂದರ ಇಲ್ಲದಿದ್ದರೆ ಎಷ್ಟು ದುಬಾರಿಯ ಹೊದಿಕೆಯೂ ಮಾರ್ಚ್ ತಿಂಗಳನ್ನು ದಾಟುವುದಿಲ್ಲ.

ದೋಣಿ ಹಾಳಾಗುವುದು ಚಳಿಯಿಂದ ಅಂತ ಎಲ್ಲರೂ ತಿಳಿದಿದ್ದಾರೆ. ಒಣಗಿದ ಅಲ್ಯುಮಿನಿಯಂ ದೋಣಿ -30 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ನಿಂತರೂ ಅದಕ್ಕೆ ಏನೂ ಆಗದು. ಹಾಳುಮಾಡುವುದು ನೀರು. ಹೆಪ್ಪುಗಟ್ಟುವಾಗ ನೀರು ಸುಮಾರು ಶೇ 9ರಷ್ಟು ಹಿಗ್ಗುತ್ತದೆ, ಆ ಹಿಗ್ಗನ್ನು ತಡೆಯುವ ಶಕ್ತಿ ಪಂಪಿನ ಪ್ಲಾಸ್ಟಿಕ್ ಮೈಗಾಗಲಿ, ಇಂಜಿನ್ನಿನ ಗೇರ್ ಪೆಟ್ಟಿಗೆಗಾಗಲಿ ಇಲ್ಲ. ಇನ್ನು ಮೇಲಿನಿಂದ ಬರುವ ಭಾರ. ಆಗತಾನೇ ಬಿದ್ದ ಒಣ ಹಿಮ ಘನ ಮೀಟರಿಗೆ 100 ಕಿಲೋದ ಆಸುಪಾಸು ತೂಗುತ್ತದೆ. ಅದೇ ಹಿಮ ಅರ್ಧ ಕರಗಿ, ಒತ್ತಿಕೊಂಡು ಕೂತಾಗ 300 ಕಿಲೋ ದಾಟುತ್ತದೆ. ನಿಮ್ಮ ದೋಣಿಯ ಮೇಲ್ಭಾಗ ಏಳೂವರೆ ಚದರ ಮೀಟರ್ ಅಂತಿಟ್ಟುಕೊಳ್ಳಿ. ಒಂದಡಿ ಹಿಮ ಡಿಸೆಂಬರಿನಲ್ಲಿ 225 ಕಿಲೋ, ಮಾರ್ಚಿನಲ್ಲಿ 650 ಕಿಲೋಗೂ ಹೆಚ್ಚು. ಅಷ್ಟು ಭಾರವನ್ನು ಸಡಿಲವಾಗಿ ಹೊದೆಸಿದ ಟಾರ್ಪಾಲು ಹೊರುವುದಿಲ್ಲ, ನಡುವೆ ಜಗ್ಗುತ್ತದೆ. ಜಗ್ಗಿದಲ್ಲಿ ಹಗಲು ಕರಗಿದ ನೀರು ಹರಿದುಬಂದು ನಿಲ್ಲುತ್ತದೆ, ರಾತ್ರಿ ಮಂಜುಗಡ್ಡೆಯಾಗುತ್ತದೆ, ಮರುದಿನ ಅದರ ಮೇಲೆ ಇನ್ನಷ್ಟು. ಒಂದು ದಿನ ಟಾರ್ಪಾಲು ಹರಿದು ಅದೆಲ್ಲ ಒಳಗೆ ಬೀಳುತ್ತದೆ. ಸೀಟು ಮುರಿದು, ವಿಂಡ್‌ಶೀಲ್ಡ್ ಸೀಳಿ ಬಂದ ದೋಣಿಗಳು ನಮ್ಮ ಅಂಗಳಕ್ಕೆ ಪ್ರತಿ ವಸಂತದಲ್ಲೂ ಬರುತ್ತವೆ.

ಈಗ ತಳದಿಂದ ಶುರುಮಾಡೋಣ. ಟ್ರೇಲರ್ ಇರುವುದು ನಿಮ್ಮ ಪುಣ್ಯ, ದೋಣಿಯ ತಳಕ್ಕೆಂದೇ ಮಾಡಿದ ಆಸರೆ ಅದು. ಟ್ರೇಲರಿನ ಮೇಲೆ ದೋಣಿ ಕೂರುವ ಎರಡು ಉದ್ದ ಹಲಗೆಗಳಿವೆಯಲ್ಲ, ಅವು ಇಂಜಿನ್ ತೂಗುಹಾಕಿದ ಹಿಂಗೋಡೆಯ ತನಕ ಬಂದಿವೆಯೇ ಬಗ್ಗಿ ನೋಡಿ. ಅರ್ಧ ಅಡಿ ಮೊದಲೇ ಮುಗಿದಿದ್ದರೆ ಇಂಜಿನ್ನಿನ 60-70 ಕಿಲೋ ಭಾರಕ್ಕೆ ಕೆಳಗಿನಿಂದ ಆಸರೆಯೇ ಇಲ್ಲ. ಆ ಹಲಗೆಯ ತುದಿಯಲ್ಲಿ ತಳದ ಹಾಳೆ ನಿಧಾನಕ್ಕೆ ಬಾಗುತ್ತದೆ. ಹಾಗೆ ಬಾಗಿದ ದೋಣಿ ಮುಂದಿನ ಬೇಸಿಗೆಯಲ್ಲಿ ವೇಗ ಹಿಡಿದಾಗಲೆಲ್ಲ ಮೂತಿ ತಗ್ಗಿಸಿ ಓಡುತ್ತದೆ, ಕಾರಣ ಯಾರಿಗೂ ಹೊಳೆಯುವುದಿಲ್ಲ. ಹಲಗೆ ಗಿಡ್ಡವಿದ್ದರೆ ಉದ್ದದ್ದು ಹಾಕಿಸಿ. ಅಥವಾ ಚಳಿಗಾಲದ ಮಟ್ಟಿಗೆ ಇಂಜಿನ್ ಇಳಿಸಿ ಗ್ಯಾರೇಜಿನ ಮೂಲೆಯಲ್ಲಿ ನೆಟ್ಟಗೆ ನಿಲ್ಲಿಸಿ. ಇಬ್ಬರು ಹಿಡಿದರೆ ಆಗುವ ಕೆಲಸ, ಕಳ್ಳರ ಭಯವೂ ತಪ್ಪುತ್ತದೆ.

ಮೂತಿ ಹಿಂಬದಿಗಿಂತ ಒಂದು ಗೇಣಾದರೂ ಎತ್ತರ ಇರಲಿ. ಹಿಂಗೋಡೆಯ ತಳದಲ್ಲಿ ನೀರು ಬಸಿಯುವ ತೂತಿನ ಬೂಚು ಕಿತ್ತಿಡಿ. ಕಿತ್ತದ್ದನ್ನು ಇಂಜಿನ್ನಿನ ಕೀಲಿಯ ಜೊತೆಗೇ ಕಟ್ಟಿ ಇಟ್ಟರೆ ವಸಂತದಲ್ಲಿ ಮರೆತು ನೀರಿಗಿಳಿಸುವ ಪ್ರಮೇಯ ಬರುವುದಿಲ್ಲ. ಸರೋವರದಿಂದ ದೋಣಿ ಮೇಲೆತ್ತಿದ ಕೂಡಲೇ ಬೂಚು ತೆಗೆದು ನೀರು ಬಸಿಯಬೇಕು, ಸಾಗಿಸುವಾಗಲೂ ಬೂಚು ಹಾಕಿರಬಾರದು ಅನ್ನುವುದು ಮಿನೆಸೋಟಾದ ಕಾನೂನು ಸಹ. ಜೀಬ್ರಾ ಮಸೆಲ್ ಅನ್ನುವ ಸಣ್ಣ ಚಿಪ್ಪುಜೀವಿ ಒಂದು ಸರೋವರದಿಂದ ಇನ್ನೊಂದಕ್ಕೆ ಹರಡಬಾರದು ಅಂತ. ಈ ರಾಜ್ಯದಲ್ಲಿ 10 ಎಕರೆಗಿಂತ ದೊಡ್ಡವೇ 11,842 ಸರೋವರಗಳಿವೆ. ದಯವಿಟ್ಟು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಟೈರಿನ ಮೇಲೆ ಇಡೀ ಚಳಿಗಾಲ ಭಾರ ಬಿಡಬಾರದು. ಆಕ್ಸಲ್ ಹತ್ತಿರ ಟ್ರೇಲರಿನ ಚೌಕಟ್ಟಿಗೆ ಎರಡೂ ಕಡೆ ಜಾಕ್ ಕೊಟ್ಟು, ಗಟ್ಟಿ ಮರದ ತುಂಡುಗಳನ್ನು ಅಡ್ಡ-ಉದ್ದ ಪೇರಿಸಿ ಕೂರಿಸಿ. ಪೊಳ್ಳು ಸಿಮೆಂಟ್ ಬ್ಲಾಕನ್ನು ಅಡ್ಡ ಮಲಗಿಸಿ ಅದರ ಮೇಲೆ ಭಾರ ಹೊರಿಸುವವರನ್ನು ಕಂಡಾಗ ನನಗೆ ಎದೆ ಝಲ್ ಅನ್ನುತ್ತದೆ. ಅದು ನೀರು ಹೀರಿಕೊಂಡು, ಹೆಪ್ಪುಗಟ್ಟಿ, ಸದ್ದಿಲ್ಲದೆ ಸೀಳಿರುತ್ತದೆ. ಕೆಳಗೆ ಮಕ್ಕಳು ಚೆಂಡು ಹೆಕ್ಕಲು ನುಗ್ಗುವ ಜಾಗ ಅದು. ಮರದ ತುಂಡಿನ ಕೆಳಗೂ ಒಂದಡಿ ಚದರದ ದಪ್ಪ ಪ್ಲೈವುಡ್ ಹಾಸಿ. ಇಲ್ಲಿಯ ನೆಲ ಹೆಪ್ಪುಗಟ್ಟುವಾಗ ಉಬ್ಬುತ್ತದೆ, ಕರಗುವಾಗ ಕೆಸರಾಗುತ್ತದೆ. ಉತ್ತರ ಮಿನೆಸೋಟಾದಲ್ಲಿ ಮನೆಗೆ 5 ಅಡಿ ಆಳದ ಅಡಿಪಾಯ ತೋಡಿಸುವುದು ಇದೇ ಕಾರಣಕ್ಕೆ. ಹುಲ್ಲಿನ ಮೇಲೆ ನಿಲ್ಲಿಸುವುದಕ್ಕಿಂತ ಜಲ್ಲಿ ಹಾಸಿದ ಜಾಗ ಎಷ್ಟೋ ಮೇಲು. ತಿಂಗಳಿಗೊಮ್ಮೆ ಸುತ್ತ ನಡೆದು, ಯಾವ ತುಂಡಾದರೂ ವಾಲಿದೆಯೇ ನೋಡಿ.

ಟ್ರೇಲರ್ ಇಲ್ಲದೆ ಜಾಕ್ ಸ್ಟ್ಯಾಂಡ್ ಮೇಲೆ ನಿಲ್ಲಿಸುವವರಿಗೂ ಒಂದು ಮಾತು. ಭಾರ ಹೊರಬೇಕಾದದ್ದು ತಳದ ನಡುವೆ ಉದ್ದಕ್ಕೆ ಓಡುವ ಕೀಲ್. ಅದರ ಕೆಳಗೆ ಮೂರು ಕಡೆ ದಿಮ್ಮಿ ಬೇಕು. ಪಕ್ಕದ ಸ್ಟ್ಯಾಂಡುಗಳು ದೋಣಿ ವಾಲದಂತೆ ಹಿಡಿಯುವುದಕ್ಕೆ ಮಾತ್ರ. ಭಾರವನ್ನು ಅವುಗಳ ಮೇಲೆ ಬಿಟ್ಟರೆ ಪಕ್ಕೆ ತಗ್ಗುತ್ತದೆ.

ಇನ್ನು ಹಂದರ. ನಮ್ಮ ಕರಾವಳಿಯ ಹೆಂಚಿನ ಮನೆಯ ಮಾಡನ್ನು, ಅಂದರೆ ಇಳಿಜಾರು ಚಾವಣಿಯನ್ನು ಕಣ್ಣಮುಂದೆ ತಂದುಕೊಳ್ಳಿ, ನೆತ್ತಿಯಲ್ಲಿ ಒಂದು ಉದ್ದ ತೊಲೆ, ಎರಡೂ ಕಡೆಗೆ ಇಳಿದ ಪಕಾಸು. ಅದನ್ನೇ ದೋಣಿಯ ಮೇಲೆ ಕಟ್ಟಬೇಕು. ಇಳಿಜಾರು 45 ಡಿಗ್ರಿಗೆ ಕಡಿಮೆ ಇದ್ದರೆ ಹಿಮ ತಾನಾಗಿ ಜಾರುವುದಿಲ್ಲ. ಲೆಕ್ಕ ಸುಲಭ: ದೋಣಿಯ ಅರ್ಧ ಅಗಲ ಎಷ್ಟೋ ಅಂಚಿನಿಂದ ನೆತ್ತಿ ಅಷ್ಟು ಎತ್ತರ. ನಿಮ್ಮ ದೋಣಿ 6 ಅಡಿ ಅಗಲ ಇದ್ದೀತು, ಹಾಗಾದರೆ ಅಂಚಿನಿಂದ 3 ಅಡಿ ಮೇಲೆ ತೊಲೆ. ಎಲ್ಲರೂ ಇಲ್ಲೇ ಜಿಪುಣತನ ಮಾಡುತ್ತಾರೆ, ಒಂದೂವರೆ ಅಡಿ ಎತ್ತರಿಸಿ ಸಾಕು ಅನ್ನುತ್ತಾರೆ. ಸಾಲದು.

ತೊಲೆಗೆ ಮರದಂಗಡಿಯಲ್ಲಿ ಸಿಗುವ ಟೂ-ಬೈ-ಫೋರ್ (ಹೆಸರಿಗೆ 2 ಇಂಚು ದಪ್ಪ, 4 ಇಂಚು ಅಗಲದ ಮರದ ಪಟ್ಟಿ) ಸಾಕು, 16 ಅಡಿ ಉದ್ದದ್ದೇ ಸಿಗುತ್ತದೆ. ಅದನ್ನು ಅಗಲಕ್ಕೆ ಮಲಗಿಸಬೇಡಿ, ತೆಳು ಅಂಚಿನ ಮೇಲೆ ನಿಲ್ಲಿಸಿ, ಆಗಲೇ ಅದಕ್ಕೆ ಬಾಗದೆ ಹೊರುವ ಬಲ. ಮೂತಿಯಲ್ಲಿ ಒಂದು, ನಡುವೆ ಒಂದು, ಹಿಂದೆ ಒಂದು ಕಂಬ. ಕಂಬದ ಬುಡ ತೆಳ್ಳನೆಯ ಡೆಕ್ಕಿನ ಮೇಲಾಗಲಿ, ಸೀಟಿನ ಮೇಲಾಗಲಿ ಊರಬಾರದು. ಕೆಳಗೆ ಅಡ್ಡಪಟ್ಟಿ ಇರುವ ಕಡೆ, ಒಂದು ಹಲಗೆ ಹಾಸಿ ಅದರ ಮೇಲೆ ನಿಲ್ಲಿಸಿ. ತೊಲೆಯಿಂದ ಅಂಚಿಗೆ ಪ್ರತಿ 2 ಅಡಿಗೊಂದು ರೀಪು ಇಳಿಸಿ. ಅಂತರ ಹೆಚ್ಚಾದರೆ ಎರಡು ರೀಪುಗಳ ನಡುವೆ ಹೊದಿಕೆ ಬಟ್ಟಲಿನ ಹಾಗೆ ಕುಳಿಬೀಳುತ್ತದೆ. ಪಿವಿಸಿ ಪೈಪನ್ನು ಬಿಲ್ಲಿನಂತೆ ಬಗ್ಗಿಸುವುದು ಕೆಲವರಿಗೆ ಇಷ್ಟ. ನೋಡಲು ಚೆಂದ, ಆದರೆ ಕಡು ಚಳಿಯಲ್ಲಿ ಪಿವಿಸಿ ಪೆಡಸಾಗುತ್ತದೆ, ಹಿಮದ ಭಾರ ಬಿದ್ದಾಗ ಲಟ್ಟನೆ ಮುರಿಯುತ್ತದೆ. ಬ್ರೇನರ್ಡ್‌ನ ಚಳಿಗೆ ಅದು ಬೇಡ.

ಎದುರುಬದುರಿನ ಎರಡು ರೀಪುಗಳನ್ನು ಅರ್ಧ ಎತ್ತರದಲ್ಲಿ ಒಂದು ಅಡ್ಡಪಟ್ಟಿಯಿಂದ ಬಿಗಿಯಿರಿ. ಇದನ್ನು ಬಿಡುವವರೇ ಹೆಚ್ಚು. ಮೇಲಿನಿಂದ ಭಾರ ಬಿದ್ದಾಗ ರೀಪಿನ ಕಾಲುಗಳು ಹೊರಗೆ ಒದೆಯುತ್ತವೆ, ದೋಣಿಯ ಅಂಚನ್ನು ಅಗಲಿಸುತ್ತವೆ. ಅಡ್ಡಪಟ್ಟಿ ಆ ಒದೆತವನ್ನು ತನ್ನಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಮನೆಯ ಮಾಡಿಗೆ ಅಡ್ಡತೊಲೆ ಯಾಕೆ ಬೇಕೋ ಇಲ್ಲಿಗೂ ಅದಕ್ಕೇ. ಮೊಳೆ ಬೇಡ, ಸ್ಕ್ರೂ ಮತ್ತು ಬೋಲ್ಟ್ ಹಾಕಿ. ಪ್ರತಿ ಜೋಡಿಗೂ ನಂಬರು ಬರೆದಿಟ್ಟರೆ ವಸಂತದಲ್ಲಿ ಬಿಚ್ಚಿ ಗ್ಯಾರೇಜಿನ ಗೋಡೆಗೆ ತೂಗುಹಾಕಬಹುದು, ಮುಂದಿನ ವರ್ಷ ಮತ್ತೆ ಅದೇ ಹಂದರ. ಚೂಪಾದ ಮೂಲೆ, ಬೋಲ್ಟಿನ ತಲೆ, ವಿಂಡ್‌ಶೀಲ್ಡಿನ ಅಂಚು, ಎಲ್ಲಕ್ಕೂ ಹಳೆಯ ಕಾರ್ಪೆಟ್ ತುಂಡು ಸುತ್ತಿ ಕಟ್ಟಿ. ಟಾರ್ಪಾಲು ಭಾರಕ್ಕಿಂತ ಮೊದಲು ಉಜ್ಜಿಯೇ ಹರಿಯುತ್ತದೆ.

ಟಾರ್ಪಾಲಿನ ಅಳತೆಗೆ ಊಹೆ ಬೇಡ. ನೆತ್ತಿಯಿಂದ ಅಂಚಿಗೆ ಇಳಿಜಾರು ನಾಲ್ಕೂಕಾಲು ಅಡಿ, ಅಲ್ಲಿಂದ ಪಕ್ಕೆಯ ಮೇಲೆ ಎರಡೂವರೆ ಮೂರು ಅಡಿ, ಎರಡು ಕಡೆ ಸೇರಿ 14 ಅಡಿಯ ಆಸುಪಾಸು. ಉದ್ದಕ್ಕೆ ಇಂಜಿನ್ನೂ ಎರಡು ತುದಿಯ ಇಳಿತವೂ ಸೇರಬೇಕು. 16×24 ಅಡಿಯದ್ದು ತನ್ನಿ. ಪೊಟ್ಟಣದ ಮೇಲೆ ಬರೆದ ಅಳತೆ ಅಂಚು ಮಡಿಸುವ ಮೊದಲಿನದ್ದಾಗಿರುತ್ತದೆ, ಕೈಗೆ ಬರುವುದು ಕೆಲವು ಇಂಚು ಕಡಿಮೆ. ತೆಳ್ಳನೆಯ ನೀಲಿ ಟಾರ್ಪಾಲು ಬಿಸಿಲಿಗೆ ಬೇಗ ಸವೆದು ಎಳೆ ಎಳೆಯಾಗಿ ಉದುರುತ್ತದೆ. ದಪ್ಪದ ಬೆಳ್ಳಿ ಅಥವಾ ಕಂದು ಬಣ್ಣದ್ದು ಬೆಲೆ ಜಾಸ್ತಿ, ಬಾಳಿಕೆ ಅದಕ್ಕಿಂತ ಜಾಸ್ತಿ.

ಕಟ್ಟುವಾಗ ಹಗ್ಗವನ್ನು ದೋಣಿಯ ಹೊಟ್ಟೆಯ ಕೆಳಗಿನಿಂದ ಆಚೆ ಬದಿಗೆ ಒಯ್ದು ಬಿಗಿಯಿರಿ, ಅಥವಾ ಟ್ರೇಲರಿನ ಚೌಕಟ್ಟಿಗೆ ಕಟ್ಟಿ. ಆಸರೆಯ ಮರದ ತುಂಡಿಗಾಗಲಿ, ಜಾಕ್ ಸ್ಟ್ಯಾಂಡಿಗಾಗಲಿ ಯಾವತ್ತೂ ಕಟ್ಟಬೇಡಿ. ಬಿರುಗಾಳಿಗೆ ಟಾರ್ಪಾಲು ಬಡಿದುಕೊಳ್ಳುವಾಗ ಪ್ರತಿ ಬಡಿತಕ್ಕೂ ಸ್ಟ್ಯಾಂಡನ್ನು ಒಂದಿಷ್ಟು ಎಳೆಯುತ್ತದೆ, ಕೊನೆಗೆ ಸ್ಟ್ಯಾಂಡು ಜಾರಿ ದೋಣಿಯೇ ಉರುಳುತ್ತದೆ. ಕೊಕ್ಕೆಯ ರಬ್ಬರ್ ಹಗ್ಗ ಚಳಿಯಲ್ಲಿ ಬಿಗಿತ ಕಳೆದುಕೊಳ್ಳುತ್ತದೆ, ಅದೂ ಬೇಡ. ಟಾರ್ಪಾಲಿನ ಲೋಹದ ಕಣ್ಣು ಕಿತ್ತುಬಂದರೆ ಗಾಬರಿಯಾಗಬೇಡಿ. ಒಂದು ನುಣುಪಾದ ಗುಂಡುಕಲ್ಲನ್ನು ಒಳಗಿನಿಂದ ಹಿಡಿದು, ಟಾರ್ಪಾಲನ್ನು ಅದರ ಸುತ್ತ ಒಟ್ಟುಮಾಡಿ, ಅದರ ಕುತ್ತಿಗೆಗೆ ಹಗ್ಗ ಬಿಗಿಯಿರಿ. ಗಂಗೊಳ್ಳಿಯಲ್ಲಿ ಅಪ್ಪಯ್ಯ ಹೀಗೇ ಕಟ್ಟುತ್ತಿದ್ದರು. ಲೋಹದ ಕಣ್ಣಿಗಿಂತ ಇದು ಗಟ್ಟಿ.

ಮೂತಿಯ ಕಡೆಯೂ ಹಿಂಬದಿಯೂ ಗಾಳಿಯಾಡಲು ಬಾಯಿ ಬಿಡಿ, ಮೂಟೆ ಕಟ್ಟಿದ ಹಾಗೆ ಮುಚ್ಚಬೇಡಿ. ಒಳಗೆ ಸಿಕ್ಕಿಕೊಂಡ ತೇವ ಹಗಲು ಆವಿಯಾಗಿ ರಾತ್ರಿ ಹೊದಿಕೆಯ ಒಳಮೈಯಲ್ಲಿ ಹನಿಗಟ್ಟುತ್ತದೆ, ವಸಂತದಲ್ಲಿ ಬೂಷ್ಟು ಹಿಡಿದ ದೋಣಿ ಸಿಗುತ್ತದೆ. ಶ್ರಿಂಕ್ ರ‍್ಯಾಪ್ ಬಗ್ಗೆ ನನ್ನ ತಕರಾರೂ ಅರ್ಧ ಇದೇ. ಗಾಳಿಕಿಂಡಿ ಇಡದೆ ಸುತ್ತಿದರೆ ಅದು ಒಳ್ಳೆಯ ಬೂಷ್ಟಿನ ಮನೆ. ಇನ್ನರ್ಧ, ಅಷ್ಟು ಪ್ಲಾಸ್ಟಿಕ್ಕನ್ನು ಒಂದೇ ಚಳಿಗಾಲ ಬಳಸಿ ಹರಿದು ಎಸೆಯಬೇಕು, ಮರುವರ್ಷ ಮತ್ತೆ ದುಡ್ಡು. ದೊಡ್ಡ ದೋಣಿಗೆ ಅದು ಬೇಕಾದೀತು. 16 ಅಡಿಯದ್ದಕ್ಕೆ ದಂಡ. ಪೆಟ್ರೋಲ್ ಟ್ಯಾಂಕ್ ಇರುವ ದೋಣಿಯ ಮೇಲೆ ನೀವೇ ಗ್ಯಾಸಿನ ಬೆಂಕಿ ಹಿಡಿದು ಅದನ್ನು ಬಿಗಿಸಲು ಹೋಗಬೇಡಿ, ಇಷ್ಟನ್ನು ಕೈಮುಗಿದು ಕೇಳುತ್ತೇನೆ.

ಇಂಜಿನ್ನಿನ ವಿಷಯ ಹಿಂದಿನ ಸಂಚಿಕೆಗಳಲ್ಲಿ ಬಂದಿದೆ, ಚುಟುಕಾಗಿ ಹೇಳುತ್ತೇನೆ. ಪೆಟ್ರೋಲಿಗೆ ಅದು ಕೆಡದಂತೆ ಕಾಯುವ ಸ್ಟೆಬಿಲೈಸರ್ ಹಾಕಿ ಸ್ವಲ್ಪ ಹೊತ್ತು ಓಡಿಸಿ. ಗೇರ್ ಆಯಿಲ್ ಈಗಲೇ ಬದಲಿಸಿ, ವಸಂತಕ್ಕೆ ಮುಂದೂಡಬೇಡಿ. ಹಾಲಿನ ಬಣ್ಣದ ಎಣ್ಣೆ ಬಂದರೆ ಒಳಗೆ ನೀರು ಸೇರಿದೆ, ಸೀಲ್ ಹೋಗಿದೆ. ಇಂಜಿನ್ ನೆಟ್ಟಗೆ ಕೆಳಮುಖವಾಗಿರಲಿ, ಇದ್ದ ನೀರೆಲ್ಲ ಇಳಿಯಲಿ. ಮೀನು ಹಾಕುವ ತೊಟ್ಟಿಯ ಪಂಪು, ಕೊಳವೆಗಳಿಗೆ, ನೀರು ಹೆಪ್ಪುಗಟ್ಟದಂತೆ ತಡೆಯುವ, ಗುಲಾಬಿ ಬಣ್ಣದ ಆ್ಯಂಟಿಫ್ರೀಜ್ ಓಡಿಸಿ. ಕಾರಿಗೆ ಹಾಕುವ ಹಸಿರು ಬಣ್ಣದ್ದು ವಿಷ, ಅದು ಸರೋವರ ಸೇರಬಾರದು. ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ ಮನೆಯೊಳಗಿಡಿ, ಖಾಲಿಯಾದ ಬ್ಯಾಟರಿ -10 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲೇ ಹೆಪ್ಪುಗಟ್ಟಿ ಒಡೆಯುತ್ತದೆ. ಲೈಫ್ ಜಾಕೆಟ್, ಮೆತ್ತೆ, ಬಲೆ, ಎರೆಡಬ್ಬಿ ಒಂದೂ ಒಳಗೆ ಉಳಿಯಬಾರದು. ಇಲಿಗಳಿಗೆ ಅಷ್ಟು ಸಾಕು ಸಂಸಾರ ಹೂಡಲು.

ಇದೆಲ್ಲ ಅಕ್ಟೋಬರ್ ಮುಗಿಯುವುದರೊಳಗೆ ಆಗಲಿ. 1991ರ ಅಕ್ಟೋಬರ್ 31ರಿಂದ ನವೆಂಬರ್ 3ರ ವರೆಗೆ ಬೀಸಿದ ಹಿಮಬಿರುಗಾಳಿಯಲ್ಲಿ ಡುಲೂತ್ ಊರೊಂದರಲ್ಲೇ 36.9 ಇಂಚು ಹಿಮ ಬಿತ್ತು. ಇಲ್ಲಿಯ ಹಳಬರು ಈಗಲೂ ಆ ಹ್ಯಾಲೋವೀನ್ ದಿನದ ಮಾತೆತ್ತಿ ಎಚ್ಚರಿಸುತ್ತಾರೆ. ಹಿಮ ಜಾರದೆ ಕೂತರೆ ಮೆತ್ತನೆಯ ಪೊರಕೆಯಿಂದ ಮೇಲಿನಿಂದ ಕೆಳಕ್ಕೆ ಎಳೆಯಿರಿ. ಸಲಿಕೆ ಮುಟ್ಟಿಸಬೇಡಿ.

ಪ್ರಶ್ನೆ: ನನ್ನದು 12 ಅಡಿಯ, ತಳ ಚಪ್ಪಟೆ ಇರುವ ಅಲ್ಯುಮಿನಿಯಂ ದೋಣಿ. ಟ್ರೇಲರ್ ಇಲ್ಲ, ಇಂಜಿನ್ ಕಳಚಿ ಒಳಗಿಟ್ಟಿದ್ದೇನೆ. ಇದಕ್ಕೂ ಹಂದರ ಬೇಕೆ? (ಮಿಷಿಗನ್‌ನಿಂದ ಒಬ್ಬ ಓದುಗರು)

ಉತ್ತರ: ಬೇಡ. ಮಗುಚಿಹಾಕಿ. ಮಗುಚಿದ ದೋಣಿಯೇ ತನಗೆ ತಾನು ಮಾಡು. ನೆಲದಿಂದ ಒಂದೂವರೆ ಅಡಿ ಎತ್ತರಕ್ಕೆ ಎರಡು ಅಡ್ಡಮರ ಇಟ್ಟು, ಅವುಗಳ ಮೇಲೆ ಎರಡೂ ಅಂಚು ಕೂರುವ ಹಾಗೆ ಕವುಚಿ, ಗಾಳಿಗೆ ಹಾರದಂತೆ ಎರಡು ಕಡೆ ನೆಲಕ್ಕೆ ಬಿಗಿಯಿರಿ. ಮೇಲೆ ಟಾರ್ಪಾಲು ಬೇಕಿಲ್ಲ.

ಒಂದೇ ಒಂದು ಎಚ್ಚರಿಕೆ. ಅಡ್ಡಮರಕ್ಕೆ ಅಂಗಡಿಯ ಹಸಿರು ಛಾಯೆಯ, ಗೆದ್ದಲು ಹಿಡಿಯದ ಮರ ತರಬೇಡಿ. ಅದಕ್ಕೆ ಕುಡಿಸಿರುವುದು ತಾಮ್ರದ ರಾಸಾಯನಿಕ. ತೇವದಲ್ಲಿ ತಾಮ್ರ ಅಲ್ಯುಮಿನಿಯಂಗೆ ತಾಗಿಕೊಂಡಿದ್ದರೆ ಅಲ್ಯುಮಿನಿಯಂ ತಿಂದುಹೋಗುತ್ತದೆ, ಸೂಜಿಮೊನೆಯಷ್ಟು ತೂತುಗಳು ಬೀಳುತ್ತವೆ. ಸಾದಾ ಮರ ಹಾಕಿ, ಇಲ್ಲವೇ ನಡುವೆ ದಪ್ಪ ಪ್ಲಾಸ್ಟಿಕ್ ಪಟ್ಟಿ ಕೊಡಿ. ಟ್ರೇಲರಿನ ಹಲಗೆ ಬದಲಿಸುವ ಬ್ರೇನರ್ಡ್‌ನ ಓದುಗರೂ ಇದನ್ನು ಗಮನಿಸಬೇಕು.

ಪ್ರಶ್ನೆ: ನಾನು ಫಿನ್ಲೆಂಡಿನ ಟಾಂಪೆರೆಯಲ್ಲಿದ್ದೇನೆ. ಸರೋವರದ ದಡದ ಮನೆಯನ್ನು ಬಾಡಿಗೆಗೆ ತಗೊಂಡಾಗ ಅದರ ಜೊತೆ ಒಂದು ಹಳೆಯ ಮರದ ಹುಟ್ಟುದೋಣಿಯೂ ಬಂತು, ಹಲಗೆಯ ಮೇಲೆ ಹಲಗೆ ಜೋಡಿಸಿದ್ದು. ಇಲ್ಲಿ ಎಲ್ಲರೂ ಅದನ್ನು ದಡದಲ್ಲಿ ಮಗುಚಿಹಾಕಿ ಬಿಟ್ಟುಬಿಡುತ್ತಾರೆ. ನನಗೆ ಮನಸ್ಸು ತಡೆಯುತ್ತಿಲ್ಲ. ಚಳಿಗಾಲವೆಲ್ಲ ಮನೆಯೊಳಗೆ ಹೀಟರ್ ಪಕ್ಕ ಇಟ್ಟುಕೊಳ್ಳಲೇ?

ಉತ್ತರ: ನಿಮ್ಮ ಅಕ್ಕರೆ ಅರ್ಥವಾಗುತ್ತದೆ, ಆದರೆ ಹೀಟರ್ ಪಕ್ಕ ಇಟ್ಟರೆ ಆ ದೋಣಿ ಸಾಯುತ್ತದೆ. ಮರದ ದೋಣಿಗೆ ನೀರು ನಿಲ್ಲುವುದೂ ಶತ್ರು, ಅತಿಯಾಗಿ ಒಣಗುವುದೂ ಶತ್ರು. ಬಿಸಿ ಕೋಣೆಯಲ್ಲಿ ಹಲಗೆ ಕುಗ್ಗಿ ಸೀಳುತ್ತದೆ, ಮೊಳೆಯ ಸುತ್ತ ಬಿರುಕು ಬಿಡುತ್ತದೆ. ಟಾಂಪೆರೆಯವರು ಮಾಡುತ್ತಿರುವುದೇ ಸರಿ. ಹೊರಗೆ, ನೆರಳಿನಲ್ಲಿ, ಮಗುಚಿ ಇಡಿ. ಅಂಚು ಮಣ್ಣಿಗೆ ತಾಗಬಾರದು, ಮಣ್ಣು ತಾಗಿದಲ್ಲೇ ಕೊಳೆ ಶುರು. ಎರಡು ಮರದ ಕುದುರೆಗಳ, ಅಂದರೆ ನಾಲ್ಕು ಕಾಲಿನ ಅಡ್ಡಮರಗಳ ಮೇಲಿಟ್ಟರೆ ಕೆಳಗಿನಿಂದ ಗಾಳಿ ಹಾಯುತ್ತದೆ. ವಸಂತದಲ್ಲಿ ದಡದ ಮಂಜುಗಡ್ಡೆ ಒತ್ತಿಕೊಂಡು ಮೇಲೆ ಬರುವ ಜಾಗದಿಂದ ಸಾಕಷ್ಟು ದೂರ ಎಳೆದಿಡಿ.

ಬೇಕಾದರೆ ಮೇಲೊಂದು ಟಾರ್ಪಾಲು ಹಾಕಿ, ಆದರೆ ತಳಕ್ಕೆ ಅಂಟಿಕೊಳ್ಳದಂತೆ ನಡುವೆ ನಾಲ್ಕು ರೀಪು ಇಟ್ಟು ಹಾಕಿ. ಅದರ ಬದಲು ವಸಂತದ ಎಣ್ಣೆಗೆ ನಿಮ್ಮ ಅಕ್ಕರೆ ಸುರಿಯಿರಿ. ನಿಮ್ಮ ದೇಶದಲ್ಲಿ ಪೈನ್ ಮರದ ಡಾಂಬರು ಸಿಗುತ್ತದಲ್ಲ, ಅದೊಂದು ದೊಡ್ಡ ಪರಂಪರೆ. ಔಲು ಬಂದರಿನಿಂದ ಆ ಡಾಂಬರಿನ ಪೀಪಾಯಿಗಳು ಯುರೋಪಿನ ಹಡಗುಕಟ್ಟೆಗಳಿಗೆಲ್ಲ ಹೋಗುತ್ತಿದ್ದವು. ಮರ ಚೆನ್ನಾಗಿ ಒಣಗಿದ ಬಿಸಿಲಿನ ದಿನ, ಡಾಂಬರಿಗೆ ಅಗಸೆ ಎಣ್ಣೆ ಬೆರೆಸಿ ಬೆಚ್ಚಗೆ ಮಾಡಿ ಹಚ್ಚಿ, ಮರ ಕುಡಿಯುವಷ್ಟೂ ಕುಡಿಸಿ. ಒರೆಸಿದ ಬಟ್ಟೆಗಳನ್ನು ಮುದ್ದೆಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆಯ ಬಟ್ಟೆ ತಾನಾಗಿ ಕಾದು ಹೊತ್ತಿಕೊಳ್ಳುತ್ತದೆ. ನೀರಲ್ಲಿ ನೆನೆಸಿಡಿ, ಇಲ್ಲವೇ ಬಯಲಲ್ಲಿ ಬಿಡಿಸಿ ಹರವಿ. ನಮ್ಮ ಕಡಲತೀರದಲ್ಲಿ ಮೀನೆಣ್ಣೆ, ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚುತ್ತಿದ್ದದ್ದೂ ಇದೇ ಕೆಲಸಕ್ಕೆ. ಗೇರೆಣ್ಣೆ ತಾಗಿದರೆ ಕೈ ಸುಡುತ್ತದೆ, ಆದರೆ ಹುಳು ಹತ್ತಿರ ಸುಳಿಯುವುದಿಲ್ಲ.

ನೀರಿಗಿಳಿಸಿದ ಮೊದಲ ದಿನ ದೋಣಿ ಸೋರುತ್ತದೆ. ಹೆದರಿ ಸಂದಿಗಳಿಗೆ ಅಂಟು ತುಂಬಿಸಬೇಡಿ. ದಡದಲ್ಲಿ ಕಟ್ಟಿ, ನೀರು ತುಂಬಿಕೊಳ್ಳಲು ಬಿಡಿ. ಒಂದೆರಡು ದಿನದಲ್ಲಿ ಹಲಗೆ ಉಬ್ಬಿ ಸಂದಿ ತಾನಾಗಿ ಮುಚ್ಚುತ್ತದೆ. ಅಂಟು ತುಂಬಿಸಿದರೆ ಉಬ್ಬಿದ ಹಲಗೆಗೆ ಜಾಗವಿಲ್ಲದೆ ಮೊಳೆಯೇ ಕಿತ್ತುಬರುತ್ತದೆ.

ಪ್ರಶ್ನೆ: ಅಣ್ಣಾ, ನಾನೂ ಗಂಗೊಳ್ಳಿಯವನೇ. ನಮ್ಮದು 20 ಅಡಿಯ ಫೈಬರ್ ದೋಣಿ. ಇಲ್ಲಿ ಹಿಮ ಇಲ್ಲ, ಮಳೆ ಗೊತ್ತಲ್ಲ. ಜೂನ್, ಜುಲೈ ಮೇಲೆ ಎಳೆದಿಟ್ಟು ಪ್ಲಾಸ್ಟಿಕ್ ಶೀಟು ಸುತ್ತಿ ಕಟ್ಟುತ್ತೇವೆ. ಈ ವರ್ಷ ಬಿಚ್ಚಿದಾಗ ಒಳಗೆಲ್ಲ ಬೂಷ್ಟು, ಇಂಜಿನ್ ಕೂರುವ ಹಿಂಗೋಡೆ ಒತ್ತಿದರೆ ಮೆತ್ತಗೆ. ಅಜ್ಜನ ಕಾಲದಲ್ಲಿ ತೆಂಗಿನ ಮಡಲಿನ ತಟ್ಟಿ ಹೊದೆಸುತ್ತಿದ್ದರಂತೆ, ಆಗ ಹೀಗಾಗುತ್ತಿರಲಿಲ್ಲ ಅಂತ ಅಪ್ಪ ಹೇಳ್ತಾರೆ. ಹೌದಾ?

ಉತ್ತರ: ನಿನ್ನ ಅಪ್ಪ ಹೇಳಿದ್ದು ಸರಿ ತಮ್ಮಾ. ಹೆಣೆದ ಮಡಲಿನ ತಟ್ಟಿ ಮಳೆಯನ್ನು ಜಾರಿಸುತ್ತದೆ, ಆವಿಯನ್ನು ಹೊರಗೆ ಬಿಡುತ್ತದೆ. ಪ್ಲಾಸ್ಟಿಕ್ ಮೊದಲ ಕೆಲಸ ಮಾತ್ರ ಮಾಡುತ್ತದೆ. ನಿಮ್ಮಲ್ಲಿ ಮಳೆಗಾಲದಲ್ಲಿ ಬೀಳುವುದು ಮೂರು ಮೀಟರಿಗೂ ಮಿಕ್ಕಿದ ಮಳೆ, ಗಾಳಿಯೇ ನೀರಾಗಿರುತ್ತದೆ. ಅಂಥದ್ದರಲ್ಲಿ ದೋಣಿಯನ್ನು ಬಿಗಿಯಾಗಿ ಸುತ್ತಿದರೆ ಒಣಗುವುದು ಎಲ್ಲಿಂದ?

ಮೊದಲು ಹಿಂಗೋಡೆಯ ವಿಷಯ, ಅದು ಹೆಚ್ಚು ಗಂಭೀರ. ಫೈಬರ್ ಕೊಳೆಯುವುದಿಲ್ಲ ಅಂತ ಎಲ್ಲರೂ ನಂಬಿದ್ದಾರೆ. ಆದರೆ ಹಿಂಗೋಡೆಯ ಎರಡು ಪದರದ ನಡುವೆ ಹೆಚ್ಚಿನ ದೋಣಿಗಳಲ್ಲಿ ಇರುವುದು ಪ್ಲೈವುಡ್. ಇಂಜಿನ್ನಿನ ಬೋಲ್ಟಿನ ತೂತಿನಿಂದ ನೀರು ಒಳಗಿಳಿದಿದೆ. ಸುತ್ತಿಗೆಯ ಹಿಡಿಯಿಂದ ಮೆಲ್ಲಗೆ ತಟ್ಟುತ್ತಾ ಬಾ. ಗಟ್ಟಿ ಇದ್ದಲ್ಲಿ ಟಣ್ ಅನ್ನುತ್ತದೆ, ಕೊಳೆತಲ್ಲಿ ಬೊದ್ದು ಸದ್ದು. ಎಲ್ಲಿಯವರೆಗೆ ಬೊದ್ದು ಇದೆಯೋ ಅಲ್ಲಿಯವರೆಗೆ ಗೆರೆ ಎಳೆ. ಅಂಗೈ ಅಗಲಕ್ಕಿಂತ ಹೆಚ್ಚಿದ್ದರೆ ಆ ದೋಣಿಗೆ ಇಂಜಿನ್ ತೂಗುಹಾಕಿ ಕಡಲಿಗೆ ಹೋಗಬೇಡ. ಒಳಪದರ ಕತ್ತರಿಸಿ, ಕೊಳೆತ ಪ್ಲೈ ತೆಗೆದು, ಹೊಸದು ಕೂರಿಸಿ ಮತ್ತೆ ಫೈಬರ್ ಎಳೆಯಬೇಕು. ಊರಲ್ಲೇ ಈ ಕೆಲಸ ಬಲ್ಲವರಿದ್ದಾರೆ. ಮುಂದೆ ಯಾವ ತೂತು ಕೊರೆದರೂ ಒಳಮೈಗೆ ರೆಸಿನ್ ಕುಡಿಸಿ, ಸೀಲೆಂಟ್ ತುಂಬಿಯೇ ಬೋಲ್ಟ್ ಹಾಕು.

ಇನ್ನು ಮುಂದಿನ ಮಳೆಗಾಲಕ್ಕೆ. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರ ವರೆಗೆ 61 ದಿನ ಮೀನುಗಾರಿಕೆಗೆ ರಜೆ. 10 ಎಚ್‌ಪಿ ಒಳಗಿನ ಇಂಜಿನ್ನಿನ ನಾಡದೋಣಿಗಳು ಆಗಲೂ ಹೋಗಬಹುದು, ಹಾಗಾಗಿ ನಿನ್ನ ದೋಣಿಯನ್ನು ನಡುವೆ ಕಡಲು ಶಾಂತವಾದಾಗ ಇಳಿಸುವ ಯೋಚನೆ ಇದ್ದೀತು. ಬಿಚ್ಚಲು ಕಟ್ಟಲು ಸುಲಭವಾದ ಹಂದರ ಬೇಕು. ನಾಲ್ಕು ಜೊತೆ ಬಿದಿರಿನ ಕತ್ತರಿಗಾಲು, ನೆತ್ತಿಗೆ ಒಂದು ಅಡಿಕೆ ದಬ್ಬೆ, ಅದರ ಮೇಲೆ ಶೀಟು. ಶೀಟು ದೋಣಿಯ ಅಂಚಿಗಿಂತ ಒಂದು ಮೊಳ ಹೊರಗೆ ಚಾಚಿರಲಿ, ಆದರೆ ಮೈಗೆ ತಾಗದಿರಲಿ. ಎರಡು ತುದಿಯೂ ತೆರೆದಿರಲಿ. ದೋಣಿಯ ಮೂತಿ ನೈರುತ್ಯಕ್ಕೆ, ಗಾಳಿಯ ಎದುರಿಗೆ ತಿರುಗಿಸು. ಆ ಬದಿಯ ಬಾಯಿಗೆ ಮಾತ್ರ ಒಂದು ಮಡಲಿನ ತಟ್ಟಿ ಕಟ್ಟು, ಎರಚಲು ತಡೆಯುತ್ತದೆ, ಗಾಳಿ ತಡೆಯುವುದಿಲ್ಲ.

ಕೆಳಗೆ ಮೂರು ತೆಂಗಿನ ದಿಮ್ಮಿ, ಮೂತಿಯ ಕಡೆಯದ್ದು ಎತ್ತರ. ಬದಿಗೆ ಮರಳು ಚೀಲ ಒತ್ತು. ಬೂಚು ತೆಗೆದಿರಲಿ, ಆ ತೂತಿನಲ್ಲಿ ಎಲೆ, ಕಸ ಕಟ್ಟಿಕೊಳ್ಳದಂತೆ ವಾರಕ್ಕೊಮ್ಮೆ ಕಡ್ಡಿ ಆಡಿಸು. ಕಡಲ್ಕೊರೆತ ಈಗ ಎಲ್ಲಿಂದ ಎಲ್ಲಿಗೆ ಬರುತ್ತದೋ ಹೇಳಲಾಗದು, ಹಳೆಯ ಗುರುತು ನಂಬದೆ ಇನ್ನಷ್ಟು ಮೇಲಕ್ಕೆ ಎಳೆ. ನೆರಳಿದೆ, ಹಗ್ಗ ಕಟ್ಟಲು ಬುಡ ಇದೆ ಅಂತ ತೆಂಗಿನ ಮರದಡಿಗೆ ಮಾತ್ರ ಇಡಬೇಡ. ಜೂನ್ ಗಾಳಿಗೆ ಉದುರುವ ಕಾಯಿ ಶೀಟನ್ನೂ ಕೆಳಗಿನ ಫೈಬರನ್ನೂ ಒಂದೇ ಏಟಿಗೆ ಸೀಳುತ್ತದೆ. ಹಗ್ಗ ಬೇಕಿದ್ದರೆ ಉದ್ದಕ್ಕೆ ಬಿಟ್ಟು, ದೂರದ ಬುಡಕ್ಕೆ ಕಟ್ಟು.